ಮೂರನೇ ಗುಡ್ಡ

"ಎರಡೂ ಒಂದ ಅದಾವಲ್ಲವ್ವಾ," ಎಂದ ಕಾಶಪ್ಪ.

"ಯಪ್ಪಾ, ಚಾಳೀಸ ಹಾಕ್ಕೊಂಡ ನೋಡು."

ಕನ್ನಡಕ ಹಾಕಿಕೊಂಡು ನೋಡಿದ. ಬೇರೆ ಬೇರೆ. ಒಂದು ಹಾಳೆಯ ಗೆರೆ ಗುಡ್ಡದ ಸಾಲಿನಂತೆ ಮೊಂಡಾಗಿ ಏರಿಳಿದಿತ್ತು; ಇನ್ನೊಂದರದು ಜಾಲಿಮುಳ್ಳಿನಂತೆ ಚೂಪು. ಚಾಳೀಸು ತೆಗೆದ. ಮತ್ತೆ ಎರಡೂ ಒಂದೇ. ಕಲ್ಲು ಪಾಲಿಶಿನ ಧೂಳಿನಲ್ಲಿ ಸವೆದ ಕಣ್ಣು. ಯಾವುದನ್ನು ನಂಬಬೇಕೋ ತಿಳಿಯಲಿಲ್ಲ.

ಮಗಳು ಶಿವಲಿಂಗವ್ವ ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ತಾಮ್ರಕ್ಕೆ ಎಕ್ಸರೇ ಹಾಯಿಸಿದರೆ ಅದು ಎಲ್ಲೆಲ್ಲಿ ಎಷ್ಟು ನುಂಗುತ್ತದೆ ಎಂಬುದು ಅವಳ ಅಭ್ಯಾಸ. ಮೊಂಡು ಗೆರೆ ಯಂತ್ರ ಕಂಡದ್ದು, ಚೂಪಿನದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೆಗೆದದ್ದು.

"ಖರೇ ತಾಮ್ರ ಇಷ್ಟ ಚೂಪ ಕಾಣೂದಿಲ್ಲ. ಅದಕ್ಕ ನನ್ನ ಲೆಕ್ಕದ್ದನ್ನ ಅಗಲ ಮಾಡಿ ಕೂಡಸ್ಬೇಕು. ಎಲ್ಲಾ ಗುಡ್ಡಕ್ಕೂ ಒಂದ ಅಳತಿ ಅಂದಾರ ನಮ್ಮ ಗೈಡ್ ಸರ್. ಮದಲಿನ ಎರಡು ಕೂಡತಾವ. ಮೂರನೇದು ಇನ್ನೂ ಚೂಪ ಉಳೀತೈತಿ."

"ಅದಕ್ಕಷ್ಟ ಜಾಸ್ತಿ ಅಗಲ ಮಾಡ."

"ಮಾಡೇನಿ. ಯಾಕ ಮಾಡ್ದಿ ಅಂತ ಕೇಳಿದ್ರ ಏನ ಹೇಳ್ಲಿ?"

ಕುಣಿಮಗ್ಗದೊಳಗೆ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದ ತಾಯಿ ಸಿದ್ದವ್ವ ನಕ್ಕಳು. "ಇಷ್ಟ ವರ್ಷ ಸಾಲಿ ಕಲ್ತು ಗುಡ್ಡಾ ಬರ್ಯಾಕತ್ತಾಳ. ಬಾದಾಮಿಗೆ ಹೋಗಿದ್ರ ಪುಕ್ಕಟ ನೋಡತಿದ್ಲು!"

ಶಿವಲಿಂಗವ್ವ ನಗಲಿಲ್ಲ. ಈ ಚಿತ್ರ ಕೂಡಿದರೆ ಅವಳ ಪ್ರಬಂಧ ಮುಗಿದಂತೆ. ಕೂಡದಿದ್ದರೆ, ತಿಂಗಳೊಪ್ಪತ್ತಿನಲ್ಲಿ ಸರ್ ನಿವೃತ್ತರಾಗಿ ಊರಿಗೆ ಹೊರಡುವವರು; ಆಮೇಲೆ ಅವಳನ್ನು ಯಾರು ಕೈಹಿಡಿಯುತ್ತಾರೋ, ಅವಳಿಗೇ ಗೊತ್ತಿರಲಿಲ್ಲ.

ಚೀಲದಿಂದ ಇನ್ನೊಂದು ಹಾಳೆ ತೆಗೆದು ಹಾಸಿದಳು. ಯಂತ್ರದ ಗೆರೆಯ ಮೇಲೆ, ಅಗಲ ಮಾಡಿದ ಲೆಕ್ಕದ ಪೆನ್ಸಿಲಿನ ಗೆರೆ ಮೂರೂ ಗುಡ್ಡದ ಮೇಲೆ ಹಾಯಾಗಿ ಮಲಗಿತ್ತು.

"ಹೌದಲ್ಲ! ಈಗ ಚಾಳೀಸ ಇದ್ರೂ ಕೂಡೇತಿ!" ಮತ್ತೆ ಚಾಳೀಸು ಹಾಕಿಕೊಂಡು ನೋಡಿದ ಕಾಶಪ್ಪನಿಗೆ ಹಿಗ್ಗಾಯಿತು. "ಇದನ್ನ ಕೊಟ್ಟಬಿಡ, ಮುಗೀತು."

ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ರಬ್ಬರು ತೆಗೆದುಕೊಂಡು ಮೂರನೇ ಗುಡ್ಡದ ಮೇಲಿನ ಪೆನ್ಸಿಲನ್ನು ತಿಕ್ಕತೊಡಗಿದಳು.

"ಅಯ್ಯ, ಯಾಕ ಅಳಸ್ತಿ? ಕೂಡಿತ್ತಲ್ಲವ್ವಾ!"

"ಕೂಡಿದ್ದಿಲ್ಲಪ್ಪಾ. ನಾ ಕೂಡಿಸಿದ್ದೆ."

ಒಂದೇ ಅಳತೆಗೆ ಬಂದಷ್ಟನ್ನೇ ಮತ್ತೆ ಎಳೆದಳು. ಗೆರೆ ಗುಡ್ಡವನ್ನು ಬಿಟ್ಟು ಮೇಲೆ ಚಾಚಿ ನಿಂತಿತು.

"ಸರ್ ಒಪ್ತಾರೇನು?"

"ಗೊತ್ತಿಲ್ಲ."

ಬಸ್ಸಿನ ಹೊತ್ತಾಗಿತ್ತು. ಸಿದ್ದವ್ವ ಮಗ್ಗ ಬಿಟ್ಟೆದ್ದು ಒಳಗೆ ನಡೆದಳು; ಶಿವಲಿಂಗವ್ವ ಮುಖ ತೊಳೆಯಲು ಹಿತ್ತಲಿಗೆ ಹೋದಳು. ಕೂಡಿದ್ದಕ್ಕೂ ಕೂಡಿಸಿದ್ದಕ್ಕೂ ಏನು ಫರಕೋ, ಕಾಶಪ್ಪನಿಗೆ ಬಗೆಹರಿಯಲಿಲ್ಲ. ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದ. ಅಳಿಸಿದ ಗೆರೆ ಹೊಸದರ ಕೆಳಗೆ ಸಣ್ಣಗೆ ಕಾಣುತ್ತಿತ್ತು. ಚಾಳೀಸು ತೆಗೆದ. ಹೋಯಿತು. ಹಾಕಿಕೊಂಡ. ಅಲ್ಲೇ ಇತ್ತು.

"ಬುತ್ತಿ ಕಟ್ಟೇನಿ, ಚೀಲದಾಗ ಇಡ್ರಿ," ಸಿದ್ದವ್ವ ಒಳಗಿನಿಂದ ಕೂಗಿದಳು.

ಅವನು ಚಾಳೀಸನ್ನು ಇನ್ನೊಮ್ಮೆ ತೆಗೆದ.