ಕಾಲು ಎಣಿಸಬೇಕು

ಸರಿದಾಡಿತು, ಹೂಕುಂಡ ಎತ್ತಿದ ಕೂಡಲೇ ಒದ್ದೆ ಮಣ್ಣಿನಲ್ಲಿ ಏನೋ ಸರಿದಾಡಿತು, ಕಪ್ಪಗೆ, ಬೆರಳುದ್ದ, ಅಥವಾ ಅದೂ ಮಂಜುಗಣ್ಣಿನ ಆಟವೋ — ಮಂಡಿಯೂರಿ ಕೂತ ಅಜ್ಜಿ ಭೂತಗನ್ನಡಿ ಉಜ್ಜಿದಳು, ಉಜ್ಜಿದರೆ ಗಾಜು ತಿಳಿಯಾದೀತು, ಕಣ್ಣು ತಿಳಿಯಾಗುತ್ತದೆಯೇ, ಕಾಲು ಎಣಿಸಬೇಕು, ಮೊದಲು ಕಾಲು ಆಮೇಲೆ ಹೆಸರು, ಮೂವತ್ತೊಂದು ವರ್ಷ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಸೀಸೆಗಳಿಗೆ ಹೆಸರಿನ ಚೀಟಿ ಅಂಟಿಸಿದವಳು ಆಕೆ, ಮೈಯ ಒಂದೊಂದು ಗಂಟಿಗೆ ಒಂದು ಜೊತೆ ಕಾಲಿದ್ದರೆ ಜರಿ, ಕಚ್ಚುತ್ತದೆ, ಎರಡು ಜೊತೆಯಿದ್ದರೆ ಸಹಸ್ರಪದಿ, ಪಾಪದ್ದು, ಮುಟ್ಟಿದರೆ ಸುರುಳಿ ಸುತ್ತಿಕೊಂಡು ಬಿದ್ದಿರುತ್ತದೆ, ಪ್ರೊಫೆಸರರೇ ಸೀಸೆ ಹಿಡಿದು ಬರುತ್ತಿದ್ದರು, ನೋಡಮ್ಮಾ ಇದ್ಯಾವ್ದು, ನಿನ್ನ ಕಣ್ಣೇ ಕಣ್ಣು, ನಮ್ಮದೆಲ್ಲ ಬರೀ ಡಿಗ್ರಿ — ಆ ಮಾತಿಗೆ ಉಬ್ಬಿದ್ದೇ ಉಬ್ಬಿದ್ದು, ಇವತ್ತಿಗೂ ಇಳಿದಿಲ್ಲ, ಇಳಿದಿದ್ದರೆ ಕಣ್ಣು ಮಂಜಾಗುತ್ತಿದೆ ಎಂದು ಮನೆಯಲ್ಲಿ ಬಾಯಿಬಿಟ್ಟು ಹೇಳುತ್ತಿದ್ದಳು, ಹೇಳಲಿಲ್ಲ, ಕಾಲು ಕಾಣದಿದ್ದರೇನು, ನಡಿಗೆ ಕಾಣುತ್ತದಲ್ಲ, ಸರಸರ ಹರಿದರೆ ಜರಿ, ನಿಧಾನಕ್ಕೆ ತೆವಳಿದರೆ ಸಹಸ್ರಪದಿ, ಒಂದು ವರ್ಷದಿಂದ ಹಾಗೇ ಸಂಭಾಳಿಸಿಕೊಂಡು ಬಂದಳು, ಮೊಮ್ಮಗಳು ಗುಬ್ಬಿಗೆ ಬೆಳಗಾದರೆ ಹುಳದ್ದೇ ಧ್ಯಾನ, ಅಜ್ಜೀ ಇದು ಕಚ್ಚುತ್ತಾ, ಕಚ್ಚಲ್ಲ ಕಣೇ, ಅಷ್ಟು ಅಂದರೆ ಸಾಕು, ಆರು ವರ್ಷದ ಹುಡುಗಿ ಅಂಗೈ ಚಾಚಿಬಿಡುತ್ತಿದ್ದಳು, ಕಳೆದ ಸೋಮವಾರವೂ ಚಾಚಿದಳು, ಏನು ಚಳಿ ಅವತ್ತು, ಚಳಿಗೆ ಜರಿಯೂ ಮರಗಟ್ಟಿ ಸಹಸ್ರಪದಿಯ ಹಾಗೆ ತೆವಳುತ್ತದೆ ಎನ್ನುವುದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಆಕೆಗೆ ಗೊತ್ತಿರಬೇಕಿತ್ತು, ಗೊತ್ತಿತ್ತು, ಗೊತ್ತಿದ್ದೂ ಕಡ್ಡಿಯಿಂದ ಎತ್ತಿ ತಾನೇ ಆ ಅಂಗೈ ಮೇಲೆ ಬಿಟ್ಟಳು, ಪಾಪದ್ದು ಕಣೇ — ಅಂಗೈಯ ಬಿಸಿ ತಾಗಿತು, ಅದಕ್ಕೆ ಜೀವ ಬಂತು.

ಆ ಚೀರಾಟ, ಮೊಣಕೈವರೆಗೂ ಊತ, ಹೆದರಬೇಡಿ ಎರಡು ದಿನಕ್ಕೆ ಇಳಿಯುತ್ತೆ ಅಂದರು ಡಾಕ್ಟರು, ಇಳಿಯಿತು, ಮಗಳು ಬೈಯಲೂ ಇಲ್ಲ, ಬೈದಿದ್ದರೆ ಎಷ್ಟೋ ವಾಸಿ, ಹೋಗ್ಲಿ ಬಿಡಮ್ಮ ಗೊತ್ತಾಗದೆ ಆಗಿದ್ದು ಅಂದಳು, ಆ ಸುಳ್ಳನ್ನು ಆಕೆ ಹಾಗೇ ನುಂಗಿಕೊಂಡಳು, ಅದಕ್ಕಿಂತ ನಾಚಿಕೆ ಬೇಕೆ — ಹೆಜ್ಜೆ ಸಪ್ಪಳ, ಗುಬ್ಬಿಯೇ, ವಾರದ ಮೇಲೆ ಮೊದಲ ಸಲ ತೋಟಕ್ಕೆ ಬಂದಿದ್ದಾಳೆ, ಕುಂಡಗಳ ಆಚೆಯೇ ನಿಂತಿದ್ದಾಳೆ, ಕೈ ಎರಡೂ ಬೆನ್ನ ಹಿಂದೆ, ಅಜ್ಜೀ ಅದು ಕಚ್ಚುತ್ತಾ, ಗಾಜಿನಡಿ ಒಂದು ಕಪ್ಪು ಗೆರೆ, ಅಂಚಿಗೆ ಮಬ್ಬು ಮಬ್ಬು ಎಳೆ, ಒಂದು ಜೊತೆ, ಎರಡು, ಎಲ್ಲ ಕಲಸಿಹೋಯಿತು, ಕೊನೆಗೂ ಬಾಯಿಂದ ಬಂತು, ಗೊತ್ತಾಗ್ತಿಲ್ಲ ಕಣೇ, ನನಗೆ ಕಾಲು ಕಾಣಲ್ಲ, ಹುಡುಗಿ ಕೈ ಬೆನ್ನ ಹಿಂದಿನಿಂದ ತೆಗೆಯಲಿಲ್ಲ, ಅವತ್ತು ಕಾಣಿಸ್ತಿತ್ತಾ ಅಜ್ಜೀ — ಕುಂಡದ ಅಡಿಯದು ಎತ್ತಲೋ ಹರಿದುಹೋಯಿತು, ಗಿಡ, ಮಣ್ಣು, ಎದುರಿಗೆ ನಿಂತ ಮುಖ ಎಲ್ಲ ಮಬ್ಬು, ಅದೊಂದೇ ಎಣಿಸುವಷ್ಟು ಸ್ಪಷ್ಟ, ಕಚ್ಚಲ್ಲ ಅಂದಕೂಡಲೇ ಚಾಚಿದ್ದು, ಐದು ಬೆರಳೂ ಬಿಡಿಸಿಕೊಂಡು, ಆ ಅಂಗೈ, ಅಂಗೈ