ಎದುರಾಳಿಯ ಜಾಗ

"ಎದುರಾಳೀನ ಎಂಗೆ ಕೆತ್ಲಿ ಜವರಣ್ಣ?"

ಕಲ್ಲುಕುಟಿಗ ಪುಟ್ಟರಾಜು ಉಳಿಯ ತುದಿಯಿಂದ ಖಾಲಿ ಜಾಗ ತೋರಿಸಿದ. ಅಂಗಳದಲ್ಲಿ ಮಲಗಿಸಿದ್ದ ವೀರಗಲ್ಲಿನ ಮೇಲಿನ ಎರಡು ಪಟ್ಟಿಗಳು ಮುಗಿದಿದ್ದವು. ತುದಿಯಲ್ಲಿ ಶಿವನ ಸನ್ನಿಧಿ, ಅದರ ಕೆಳಗೆ ವೀರನ ತೋಳು ಹಿಡಿದು ಕರೆದೊಯ್ಯುವ ದೇವಕನ್ಯೆಯರು. ಎಲ್ಲಕ್ಕಿಂತ ಕೆಳಗಿನ ಯುದ್ಧದ ಪಟ್ಟಿಯಲ್ಲಿ ಮಾತ್ರ ಗಡಿಯಲ್ಲಿ ಸತ್ತ ಸೈನಿಕ ರಘುನಂದನ ಬಂದೂಕು ಹಿಡಿದು ಒಬ್ಬನೇ ನಿಂತಿದ್ದ.

ಅವನ ಅಪ್ಪ, ಪೂರಿಗಾಲಿಯ ಜವರಯ್ಯ, ಕಾವ್ಯವಾಚನ ಕೇಳಿ ಬೆಳೆದವನು. ಬಾಣ ಎದೆಗೆ ನಾಟಿದವನಿಗೇ ಸ್ವರ್ಗ ಎಂದು ನಂಬಿದ್ದ. "ಕತ್ತಿ ಇಡ್ಕಂಡು ಎದುರ್‌ಗೆ ಬತ್ತಾವ್ನೆ ಅನ್ನಂಗೆ ಕೆತ್ತು. ನನ್ ಮಗ ಎದೆ ಕೊಟ್ಟು ಸತ್ತವ್ನೆ."

"ಯಾರ್‌ಗೆ?" ಜಗಲಿಯ ಮೇಲಿದ್ದ ಸೊಸೆ ಮೋಹಿನಿ ಕೇಳಿದಳು. "ತಟ್ಟೇಲಿ ಅನ್ನ ಕಲಸ್ಕಂಡು ನನ್ ಜತೆ ಫೋನಲ್ಲಿ ಮಾತಾಡ್ತಿದ್ರು ಮಾವ. 'ತಡಿ, ಮೇಲೇನೋ ಜೇನು ಗುಂಯ್ ಅಂದಂಗದೆ' ಅಂದ್ರು. ಅಷ್ಟೇಯ. ಆ ಡ್ರೋನ್ ಬುಟ್ಟೋನು ಎಲ್ ಕುಂತಿದ್ನೋ! ಅವನ ಮಕ ಇವರು ನೋಡ್ಲಿಲ್ಲ."

"ಫೋನ್ ಸಿಗ್ನಲ್ ಇಡ್ಕಂಡೇ ಅದು ಬತ್ತದಂತೆ," ಜವರಯ್ಯ ಅವಳತ್ತ ನೋಡದೆ ಹೇಳಿದ. ತಿಥಿಯ ದಿನದಿಂದಲೂ ನೆಂಟರಿಷ್ಟರೆದುರು ಆಡುತ್ತಲೇ ಬಂದ ಮಾತು. "ಎದುರಾಳಿ ಬೇಕೇನ್ಲಾ ಪುಟ್ಟ? ಇವಳ್ನೇ ಕೆತ್ತು. ಕೈಗೊಂದು ಫೋನ್ ಕೊಡು."

ಪುಟ್ಟರಾಜು ತಲೆ ತಗ್ಗಿಸಿದ. ಮೋಹಿನಿ ಎದ್ದು ಬಂದು ಕಲ್ಲಿನ ಪಕ್ಕ ನಿಂತಳು.

"ಕೆತ್ತಣ್ಣ. ನನ್ ಪಕ್ಕದಲ್ಲಿ ಮಾವನ್ನೂ ಕೆತ್ತು. 'ನಾಲೆಗೆ ನೀರು ಬುಟ್ಟವ್ರೆ, ಮಗ ಕೇಳಿದ್ರೆ ಕುಸಿ ಪಡ್ತಾನೆ, ಈಗ್ಲೇ ಫೋನ್ ಮಾಡಮ್ಮಿ' ಅಂದೋರು ಯಾರು ಮಾವ? ಅವರು ಡ್ಯೂಟೀಲವ್ರೆ, ಬ್ಯಾಡ ಅಂದ್ರೆ ಬೈದೋರು ಯಾರು? ನೆಂಟ್ರ ಮುಂದೆ ಅದ್ನ ಯಾಕೆ ಏಳ್ನಿಲ್ಲ?"

ಜವರಯ್ಯ ಗದ್ದೆಯತ್ತ ತಿರುಗಿದ. ಗದ್ದೆಯಾಚೆ ನಾಲೆ ತುಂಬಿ ಹರಿಯುವ ಸದ್ದು ಅಂಗಳದವರೆಗೂ ಕೇಳುತ್ತಿತ್ತು.

"ಜವರಣ್ಣ," ಪುಟ್ಟರಾಜು ಮೆಲ್ಲಗೆ ಕೇಳಿದ, "ಈ ಜಾಗ?"

"ಅಂಗೇ ಬುಡು."

ಪುಟ್ಟರಾಜು ಬಂದೂಕಿನ ತುದಿ ತಿದ್ದತೊಡಗಿದ. ಕಲ್ಲಿನ ಪುಡಿ ಹಾರಿ ಖಾಲಿ ಜಾಗದ ಮೇಲೆ ಕೂರುತ್ತಿತ್ತು. ಜವರಯ್ಯ ಕುಕ್ಕುರುಗಾಲಲ್ಲಿ ಕೂತು, ಚೆಂಬಿನ ನೀರು ಚಿಮುಕಿಸಿ, ಅಂಗೈಯಿಂದ ಆ ಜಾಗವನ್ನು ಒರೆಸಿದ. ಮತ್ತೆ ಪುಡಿ ಬಿತ್ತು. ಮತ್ತೆ ಒರೆಸಿದ.