ಲೆನ್ಸಿನಿಂದ ಒಂದು ಬೆರಳು ಆಚೆ

ದೀಪವನ್ನು ಇನ್ನೊಂದಿಷ್ಟು ಎಡಕ್ಕೆ ಸರಿಸಬೇಕು, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತಿದೆ, ಯಾರೂ ಹೇಳುವುದಿಲ್ಲವೇ, ಹೇಳೋಣವೆಂದು ಬಾಯಿ ತೆರೆದಳು, ಮುಚ್ಚಿದಳು, ಇವತ್ತು ಅವಳು ಗಾಯಕಿಯಲ್ಲ, ತಾರೆಯಲ್ಲ, ಕ್ಯಾಮೆರಾದ ಪಕ್ಕ ಕುರ್ಚಿ ಹಾಕಿ ಕೂರಿಸಿದ ಅಮ್ಮ ಅಷ್ಟೇ, ನೀವಿಲ್ಲೇ ಇರಿ ಮೇಡಂ, ನಿಮ್ಮನ್ನ ನೋಡ್ತಿದ್ರೆ ಹುಡುಗಿಗೆ ಧೈರ್ಯ, ಎಂದಿದ್ದ ನಿರ್ದೇಶಕ, ಅವಳ ಹಾಡಿನ ವಿಡಿಯೊ ಬಂದಾಗ ಇವನು ತೊಟ್ಟಿಲಲ್ಲಿದ್ದಿರಬೇಕು — ಎದುರಿಗೆ, ಬಿಳಿ ಗೋಡೆಯ ಮುಂದೆ, ಸ್ಟೂಲಿನ ಮೇಲೆ ಪುಟ್ಟಿ, ಅವಳ ಮಗಳು, ಹೆಗಲಿನಿಂದ ಮುಂದಕ್ಕೆಳೆದುಕೊಂಡ ಜಡೆ, ಬಲಗೈಯಲ್ಲಿ ಕತ್ತರಿ. ಅವಳ ಆ ವಿಡಿಯೊದ್ದೇ ಗೋಡೆ, ಅದೇ ಬೂದು ಅಂಗಿ, ಅದೇ ಹಾಡು, ಹೊಸ ದನಿ. ವಿಗ್ ಹಾಕೋಣವೆಂದರೆ ಹಾಡಿನ ಕಂಪನಿಯವರು ನಕ್ಕಿದ್ದರು, ಏನ್ ಮೇಡಂ ನೀವು, ನಿಜವಾದ ಜಡೆ ಕತ್ತರಿಸಿಕೊಂಡವರು, ಮಗಳಿಗೆ ವಿಗ್ ಅಂದ್ರೆ ಜನ ಉಗೀತಾರೆ. ಹಾಗಾಗಿ ಒಂದೇ ಟೇಕು. ಕೂದಲಿಗೆ ಎರಡನೆಯದಿಲ್ಲ.

ಅವಳ ಜಡೆಗೂ ಇರಲಿಲ್ಲ. ಆ ವಿಡಿಯೊ ಬಂದ ವರ್ಷ ಎಲ್ಲೆಲ್ಲೋ ಹುಡುಗಿಯರು ಬಚ್ಚಲಿನ ಬಾಗಿಲು ಹಾಕಿಕೊಂಡು ಜಡೆ ಕತ್ತರಿಸಿಕೊಂಡರು, ಅಪ್ಪಂದಿರು ಟೀವಿಗೆ ಬೈದರು, ಪತ್ರಿಕೆಗಳು ಕೂದಲಿಗಿಂತ ಹೆಚ್ಚು ಕಣ್ಣಿನ ಬಗ್ಗೆ ಬರೆದವು, ಕತ್ತರಿ ಆಡುವಾಗ ರೆಪ್ಪೆ ಅಲುಗದ ಆ ನೋಟದ ಬಗ್ಗೆ, ತನ್ನನ್ನು ನೋಡುವವರನ್ನು ತಿರುಗಿ ನೋಡಿದ ಮೊದಲ ಹೆಣ್ಣು ಎಂದು, ಮೊದಲನೆಯವಳಂತೆ, ಲೆಕ್ಕ ಇಟ್ಟವರು ಯಾರೋ, ಆಮೇಲೆ ವಿಶ್ವವಿದ್ಯಾಲಯದವರು ಅದನ್ನೇ ದಪ್ಪ ದಪ್ಪ ಪದಗಳಲ್ಲಿ ಬರೆದರು, ಆ ನೋಟ ನಿಮ್ಮದೇ ನಿರ್ಧಾರವೇ ಎಂದು ಕೇಳಿದವರಿಗೆಲ್ಲ ಅವಳು ನಕ್ಕಳು, ನಗು ಅಚ್ಚಿನಲ್ಲಿ ಹೌದು ಎಂದಾಯಿತು. ಚಿತ್ರ ನಿಲ್ಲಿಸಿ ಸರಿಯಾಗಿ ನೋಡಿದವರು ಒಬ್ಬರೂ ಇಲ್ಲ. ನೋಡಿದ್ದರೆ ಕಾಣುತ್ತಿತ್ತು, ಕಣ್ಣಿನ ಪಾಪೆ ನೇರಕ್ಕಿಲ್ಲ, ಲೆನ್ಸಿನಿಂದ ಒಂದು ಬೆರಳು ಆಚೆ ಇದೆ, ಅಲ್ಲಿ ಇಂಥದ್ದೇ ಕುರ್ಚಿಯಲ್ಲಿ ಅವಳ ತಾಯಿ ಕೂತಿದ್ದರು, ತೊಡೆಯ ಮೇಲೆ ಕೈಚೀಲ, ಅವಳು ನೋಡಿದ್ದು ಪ್ರಪಂಚವನ್ನಲ್ಲ, ಹೆತ್ತವಳನ್ನು, ಬೇಡ ಅನ್ನಮ್ಮ, ಒಂದೇ ಒಂದ್ಸಲ ಬೇಡ ಅನ್ನು — ತಾಯಿ ಹೂಂ ಎಂಬಂತೆ ತಲೆಯಾಡಿಸಿದರು, ಅವಳು ಕತ್ತರಿಸಿದಳು. ಎಷ್ಟೋ ವರ್ಷಗಳ ಮೇಲೆ, ಒಗೆದ ಬಟ್ಟೆ ಮಡಚುತ್ತ ಕೇಳಿದ್ದಳು, ಅವತ್ತು ಯಾಕಮ್ಮ ಹೂಂ ಅಂದೆ, ಯಾವತ್ತೇ, ಜಡೆ ಕತ್ತರಿಸೋವಾಗ, ಅಯ್ಯೋ ನಾನೆಲ್ಲಿ ಹೂಂ ಅಂದೆ, ಹಾಡು ಚೆನ್ನಾಗಿತ್ತಲ್ಲ, ತಾಳಕ್ಕೆ ತಲೆ ಆಡಿಸ್ತಿದ್ದೆ ಕಣೆ, ನೀನು ಕಚಕ್ ಅನ್ನಿಸಿದಾಗ ಎದೆ ಧಸಕ್ ಅಂತು, ಮತ್ತೆ ಬೇಡ ಅಂತ ಬಾಯಿ ಬಿಟ್ಟು ಹೇಳೋಕೆ ನಿಂಗೇನಾಗಿತ್ತು, ನಿಂಗೇ ಇಷ್ಟ ಅಂದ್ಕೊಂಡೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಆಮೇಲೆ ಬಹಳ ಹೊತ್ತು ಒಂದೇ ದಿಂಬಿನ ಗೌಸನ್ನು ಇಬ್ಬರೂ ಮಡಚುತ್ತ ಕೂತಿದ್ದರು.

ಇದನ್ನು ಪುಟ್ಟಿಗೆ ಇವತ್ತು ಬೆಳಿಗ್ಗೆ ಹೇಳಬೇಕಿತ್ತು, ಬಾಚಣಿಗೆ ಕೈಯಲ್ಲಿತ್ತು, ಜಡೆ ಕೈಯಲ್ಲಿತ್ತು, ನಿಂಗೆ ನಿಜವಾಗ್ಲೂ ಇಷ್ಟಾನಾ ಪುಟ್ಟಿ ಎಂದಷ್ಟೇ ಕೇಳಿದಳು, ನೀನು ಮಾಡಿರ್ಲಿಲ್ವಾ, ನನ್ನ ಮಾತು ಬಿಡು, ಹೇಗಮ್ಮ ಬಿಡೋದು, ನಾನು ಬೆಳೆದಿದ್ದೇ ಹಜಾರದಲ್ಲಿ ನಿನ್ನ ಪೋಸ್ಟರ್ ಕೆಳಗೆ, ಊಟ ಬಿಟ್ರೂ ಅದೇ ಕಣ್ಣು, ಫೇಲಾದ್ರೂ ಅದೇ ಕಣ್ಣು, ಈಗ ಬೇಡ ಅಂದ್ರೆ ಪುಕ್ಕಲಿ ಅಂತೀಯ, ಯಾವತ್ತಾದ್ರೂ ಅಂದಿದೀನಾ, ಅನ್ನಲ್ಲ, ನೋಡ್ತೀಯ. ಹೇಳಿ ಮುಗಿಸಿ ಜಡೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು, ಚಿಕ್ಕವಳಿದ್ದಾಗ ಚುಚ್ಚುಮದ್ದಿನ ಸಾಲಿನಲ್ಲಿ ಕಚ್ಚಿಕೊಳ್ಳುತ್ತಿದ್ದಂತೆ, ಅಲ್ಲೇ ಗೊತ್ತಾಯಿತು ಹುಡುಗಿಗೆ ಮನಸ್ಸಿಲ್ಲ ಎಂದು, ಗೊತ್ತಾದರೂ ಬಾಚಣಿಗೆಗೆ ಸಿಕ್ಕ ಕೂದಲು ಬಿಡಿಸುತ್ತ ನಿಂತಳು, ಆ ಕಣ್ಣು ಸುಳ್ಳು ಎಂದರೆ ಹಜಾರದ ಗೋಡೆಯಲ್ಲಿ ಉಳಿಯುವುದೇನು, ಭಯಪಟ್ಟ ಒಬ್ಬ ಹುಡುಗಿ, ಅವಳ ಮಗಳೆಂದು ಪುಟ್ಟಿ ಹೇಳಿಕೊಳ್ಳುತ್ತಾಳೆಯೇ — ಸದ್ದು, ಸದ್ದು, ಯಾರ್ರೀ ಅದು ಬಾಗಿಲ ಹತ್ರ, ಎಂದು ಸೆಟ್ಟಿನಲ್ಲಿ ಯಾರೋ ಗದರಿದರು, ಹಾಡು ಶುರುವಾಯಿತು. ಪುಟ್ಟಿಯ ಕಣ್ಣು ಲೆನ್ಸಿನಲ್ಲಿತ್ತು, ಲೆನ್ಸಿನಲ್ಲೇ ಇತ್ತು, ಜಾರಿತು, ಒಂದು ಬೆರಳು ಆಚೆ, ಅವಳ ಮೇಲೆ. ಲೆನ್ಸ್ ನೋಡಮ್ಮ ಲೆನ್ಸ್, ಎಂದ ನಿರ್ದೇಶಕ, ಕಣ್ಣು ಲೆನ್ಸಿಗೆ ಹೋಯಿತು, ಮತ್ತೆ ಅವಳತ್ತ ಬಂತು, ಕತ್ತರಿಯ ಬಾಯಿ ತೆರೆಯಿತು, ಜಡೆ ಅದರೊಳಗೆ, ಆಗ ಅವಳಿಗೆ ಅರಿವಾಯಿತು, ತನ್ನ ತಲೆ ಆಡುತ್ತಿದೆ, ದೇವರೇ, ತಾಳಕ್ಕೆ, ಇದು ತನ್ನದೇ ಹಾಡಲ್ಲವೇ, ಕುತ್ತಿಗೆಗೆ ಗೊತ್ತಿದೆ, ನಿಲ್ಲು, ಕುತ್ತಿಗೆಯನ್ನು ಕಂಬದಂತೆ ಬಿಗಿದಳು, ಅಡ್ಡ ಆಡಿಸಿದರೆ ಬೇಡ ಎಂದಾಗುತ್ತದೆ, ಆಡಿಸಲೇ, ಆಗ ಅದು ತನ್ನ ಬೇಡವಾಗುತ್ತದೆ, ಪುಟ್ಟಿಯದಲ್ಲ, ಸುಮ್ಮನಿದ್ದರೆ ಹಳೆಯ ಪೋಸ್ಟರೇ ಕೂತಂತೆ, ಇಲ್ಲಿಂದ ಹೋಗಬೇಕು, ಈ ಕುರ್ಚಿ ಖಾಲಿಯಾಗಬೇಕು, ಖಾಲಿ ಕುರ್ಚಿಯನ್ನು ನೋಡಿ ಯಾರೂ ಅಪ್ಪಣೆ ಕೇಳುವುದಿಲ್ಲ, ಹುಡುಗಿ ತನಗೆ ತಾನೇ ಹೇಳಿಕೊಳ್ಳಲಿ, ಬೇಡವಾದರೆ ಬೇಡ, ಬೇಕಾದರೆ ಬೇಕು, ಎದ್ದಳು, ಸದ್ದಾಗದಂತೆ, ಪಕ್ಕಕ್ಕೆ ಸರಿಯಲು ಒಂದು ಹೆಜ್ಜೆ ಇಟ್ಟಳು, ಮತ್ತೊಂದು, ಕಣ್ಣು ಹಿಂದೆಯೇ ಬಂತು, ಒಂದು ಬೆರಳಲ್ಲ, ಎರಡಲ್ಲ, ಒಂದು ಗೇಣು, ಸ್ಟೂಲಿನ ಮೇಲೆ ಪುಟ್ಟಿಯ ಬೆನ್ನು ನೆಟ್ಟಗಾಯಿತು, ಅಮ್ಮ ಎದ್ದು ನಿಂತಳು, ತನಗಾಗಿ ಎದ್ದು ನಿಂತಳು ಎಂಬಂತೆ ಮುಖ ಅರಳಿತು, ಕಚಕ್. ಆಹಾ, ಏನ್ ನೋಟ, ಥೇಟ್ ಅಮ್ಮಂದೇ, ಎಂದು ನಿರ್ದೇಶಕ ಕುಣಿದ, ಯಾರೋ ಚಪ್ಪಾಳೆ ತಟ್ಟಿದರು, ಹೋಗೋಕೆ ಎದ್ದೆ ಪುಟ್ಟಿ, ಹೂಂ ಅನ್ನೋಕಲ್ಲ, ಹೂಂ ಅಲ್ಲ ಕಂದಾ, ಹೂಂ ಅಲ್ಲ — ಹಾಡು ನಿಂತಿದೆ, ಪುಟ್ಟಿಯ ಮುಷ್ಟಿಯಲ್ಲಿ ಕತ್ತರಿಸಿದ ಜಡೆ, ಆ ಕಣ್ಣು ಇನ್ನೂ ಅವಳ ಮೇಲೆ.